ಸಮುದ್ರಕ್ಕೆ ಸುರಿದ ನೀರು

ನನ್ನ ಮನೆಯೊಡತಿ ಪಾರ್ವತಕ್ಕನಿಗೆ ನನ್ನ ಮೇಲಿರುವ ದೂರು ಒಂದೇ. ನಾನು ಹಳೇ ನೀರು ಚೆಲ್ಲುವುದಿಲ್ಲ. ಮೂವತ್ತು ದಾಟಿದರೂ ನನಗೆ ಮದುವೆಯಾಗಿಲ್ಲ, ನನ್ನ ಕೋಣೆಗೆ ನೆಂಟರು ಬರುವುದಿಲ್ಲ, ರವಿವಾರ ಬಾಗಿಲು ಹಾಕಿಕೊಂಡು ಬಿಸಿಲೇರುವ ತನಕ ಮಲಗುತ್ತೇನೆ. ಇದನ್ನೆಲ್ಲ ಆಕೆ ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ನೀರಿನ ಮಾತು ಬಂದಾಗ ಮಾತ್ರ ಆಕೆಗೆ ತಡೆಯಲಾಗುವುದಿಲ್ಲ. ಗಜೇಂದ್ರಗಡದ ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬಂತೆಂದು ಗೊತ್ತಾದ ಕೂಡಲೇ ಎಲ್ಲ ಮನೆಯ ಹೆಂಗಸರೂ ಮೊದಲು ಮಾಡುವ ಕೆಲಸವೆಂದರೆ ಉಳಿದ ನೀರನ್ನು ಗಟಾರಕ್ಕೆ ಸುರಿದು ಕೊಡ ತಿಕ್ಕುವುದು. ನಿನ್ನೆಯವರೆಗೆ ಲೋಟದಲ್ಲಿ ಅಳೆದು ಅಳೆದು ಕುಡಿದ ಅದೇ ನೀರು ಆ ಹೊತ್ತಿಗೆ ಯಾರಿಗೂ ಬೇಡವಾಗುತ್ತದೆ. ನಾನು ಹಳೆಯ ಕೊಡವನ್ನು ಹಾಗೇ ಇಟ್ಟುಕೊಂಡು ಹೊಸದನ್ನು ಬೇರೆ ಪಾತ್ರೆಗೆ ಹಿಡಿಯುತ್ತೇನೆ. ಹೀಗಾಗಿ ನನ್ನ ಕೋಣೆಯಲ್ಲಿ ಮಂಚಕ್ಕಿಂತ ಹೆಚ್ಚು ಜಾಗ ಹಿಡಿದಿರುವುದು ಕೊಡ, ಬಕೀಟು, ಬಾಟಲಿಗಳು. ನಮ್ಮ ಬಾಡಿಗೆ ಮನೆಯ ಟೀಚರ್ ಹತ್ತಿರ ಹೋದ ಯುಗಾದಿಯ ನೀರು ಬೇಕಾದರೂ ಸಿಗುತ್ತದೆ ಎಂದು ಪಾರ್ವತಕ್ಕ ಓಣಿ ತುಂಬ ಹೇಳಿಕೊಂಡು ಬಂದಿದ್ದಾಳೆ.

ಮೊನ್ನೆ ನಲ್ಲಿ ಬಂದಾಗ ಆಕೆ ಸೀದಾ ಒಳಗೇ ಬಂದಳು. ಹೊಸ ನೀರು ಬಂದಿರುವಾಗ ಇದನ್ನೇನು ಪೂಜೆ ಮಾಡುತ್ತೀಯಾ ಎಂದು ನನ್ನ ಕೊಡಕ್ಕೆ ಕೈ ಹಾಕಿದಳು. ನಾನು ಆಕೆಯ ಮುಂಗೈ ಹಿಡಿದುಬಿಟ್ಟೆ. ಸ್ವಲ್ಪ ಜೋರಾಗಿಯೇ ಹಿಡಿದಿರಬೇಕು. ಆಕೆ ನನ್ನ ಮುಖ ನೋಡಿ ಹೊರಗೆ ಹೋದಳು. ನಾಲ್ಕು ದಿನವಾಯಿತು, ಚಹಾಕ್ಕೆ ಕರೆದಿಲ್ಲ. ಇಷ್ಟು ದೊಡ್ಡ ಊರಲ್ಲಿ ನನ್ನನ್ನು ಚಹಾಕ್ಕೆ ಕರೆಯುವವಳು ಅವಳೊಬ್ಬಳೇ ಆದ್ದರಿಂದ, ಸಂಜೆಗಳು ಭಾಳ ಉದ್ದವಾಗಿವೆ. ಆ ಉದ್ದದ ಸಂಜೆಗಳಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಒಮ್ಮೆ ಹಳೇ ನೀರು ಚೆಲ್ಲಿದ್ದೆ. ನಡುಸಮುದ್ರದಲ್ಲಿ ಚೆಲ್ಲಿದ್ದೆ.

ನೀವು ನಗುತ್ತೀರೆಂದು ಗೊತ್ತು. ರೋಣ ತಾಲೂಕಿನ ಸವಡಿಯ ಹುಡುಗಿ ಸಮುದ್ರಕ್ಕೆ ಯಾಕೆ ಹೋದಳು ಎನ್ನುತ್ತೀರಿ. ಹೇಳುತ್ತೇನೆ, ಆದರೆ ಮೊದಲು ಸವಡಿಯ ಮೋಡದ ಕಥೆ ಹೇಳದಿದ್ದರೆ ಮುಂದಿನದು ನಿಮಗೆ ಬರೀ ಹುಚ್ಚುತನವಾಗಿ ಕಾಣುತ್ತದೆ.

ನಮ್ಮದು ಎರೆ ಭೂಮಿ. ಬಾವಿ ತೋಡಿದರೆ ನೀರು ಸಿಗುತ್ತದೆ, ಬಾಯಿಗೆ ಹಾಕಿದರೆ ಉಪ್ಪು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಎಮ್ಮೆ ಸಹ ಮೂಗು ಮುರಿಯುತ್ತದೆ. ನಾನು ಸಾಲೆಗೆ ಹೋಗುವಾಗ ಕುಡಿಯುವ ನೀರು ಕೆರೆಯಿಂದ ತಳ್ಳುಗಾಡಿಯಲ್ಲಿ ಬರಬೇಕಾಗಿತ್ತು. ಆದ್ದರಿಂದ ಮಳೆ ಅಂದರೆ ಹೊಲಕ್ಕಿಂತ ಮೊದಲು ನಮಗೆ ಕೊಡ ನೆನಪಾಗುತ್ತಿತ್ತು. ಗುಡ್ಡದ ಕಡೆಯಿಂದ ಮೋಡ ಎದ್ದಿತೆಂದರೆ ನಮ್ಮ ಅವ್ವನ ಮೈಯಲ್ಲಿ ಏನೋ ಸೇರಿಕೊಳ್ಳುತ್ತಿತ್ತು. ಹಂಡೆ, ಕೊಡ, ಕೊಳಗ, ಕಡೆಗೆ ಹಿಟ್ಟು ನಾದುವ ಪರಾತವನ್ನೂ ಬಿಡದೆ ಅಂಗಳಕ್ಕೆ ತರಿಸುತ್ತಿದ್ದಳು. ಅವುಗಳಲ್ಲಿದ್ದ ಹಳೇ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುವುದು ನನ್ನ ಕೆಲಸ. ಹಳೇ ನೀರಿಗೆ ಹೊಸದು ಬೆರೆತರೆ ಹುಳ ಬೀಳುತ್ತವೆ ಎನ್ನುವುದು ಆಕೆ ಹೇಳುತ್ತಿದ್ದ ಒಂದು ಕಾರಣ. ಖರೇ ಕಾರಣ ಬೇರೆ ಇತ್ತು. ಅದನ್ನು ಆಕೆ ಮೆಲ್ಲಗೆ, ಮೋಡಕ್ಕೆ ಕೇಳಿಸಬಾರದು ಎನ್ನುವ ಹಾಗೆ ಹೇಳುತ್ತಿದ್ದಳು.

"ತುಂಬಿದ ಕೊಡ ಕಂಡ್ರ ಮಳಿ ಮುಂದಿನ ಊರಿಗೆ ಹೋಗತೈತಿ. ಇವರಿಗೆ ಐತಿ ಬಿಡು ಅಂತೈತಿ. ಎಲ್ಲಾ ಬರಿದು ಮಾಡಿ ತೋರಸಬೇಕು."

ನಾವು ತೋರಿಸುತ್ತಿದ್ದೆವು. ಬಾಯಿ ತೆರೆದ ಪಾತ್ರೆಗಳ ನಡುವೆ ನಾನೂ ಬಾಯಿ ತೆರೆದು ನಿಲ್ಲುತ್ತಿದ್ದೆ. ಮಳೆ ಹತ್ತರಲ್ಲಿ ಆರು ಸಲ ಬರುತ್ತಿತ್ತು. ಬಾರದ ನಾಲ್ಕು ಸಲ ಅವ್ವ ಏನೂ ಆಗಿಲ್ಲವೆನ್ನುವ ಹಾಗೆ ಸೆರಗು ಝಾಡಿಸಿ, ನನ್ನ ಕೈಗೆ ಒಂದು ತಂಬಿಗೆ ಕೊಟ್ಟು ನೆರೆಮನೆಗೆ ಕಳಿಸುತ್ತಿದ್ದಳು. ನೆರೆಮನೆಯವರು ಒಂದೋ ಕೊಡುತ್ತಿದ್ದರು, ಇಲ್ಲವೇ ಅವರೂ ಅದೇ ಮೋಡಕ್ಕೆ ಕೊಡ ಬರಿದು ಮಾಡಿಕೊಂಡು ಕೂತಿರುತ್ತಿದ್ದರು. ಆಗ ಮುಂದಿನ ಮನೆ. ಸವಡಿಯಲ್ಲಿ ಯಾವಾಗಲೂ ಮುಂದೊಂದು ಮನೆ ಇರುತ್ತಿತ್ತು.

ಈಗ ಸಮುದ್ರ. ರೋಣದಲ್ಲಿ ಡಿಗ್ರಿ ಮುಗಿಸಿ ನಾನು ಕಾರವಾರಕ್ಕೆ ದೈಹಿಕ ಶಿಕ್ಷಣದ ಕೋರ್ಸಿಗೆ ಹೋದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವಳು ರೇಣುಕಾ, ನರಗುಂದ ತಾಲೂಕಿನ ಕೊಣ್ಣೂರಿನವಳು. ನಮ್ಮ ಮಾತು ಕೇಳಿ ಕರಾವಳಿಯ ಹುಡುಗಿಯರು ಬಾಯಿಗೆ ಕರವಸ್ತ್ರ ಹಿಡಿದು ನಗುತ್ತಿದ್ದರು. ಹೀಗಾಗಿ ಇಬ್ಬರೂ ಮೊದಲ ವಾರದಲ್ಲೇ ಒಂದಾದೆವು. ನೀರಿನ ಸಲುವಾಗಿ ಮಾತ್ರ ದಿನಾ ಜಗಳ. ಅವಳ ಊರಲ್ಲಿ ಮಳೆ ಜಾಸ್ತಿಯಾದ ವರ್ಷ ಮಲಪ್ರಭೆ ಸೇತುವೆಯ ಮೇಲೆ ಹತ್ತಿ ಹರಿಯುತ್ತದೆ, ಜನ ಕೂಸು ಕುನ್ನಿ ಕಟ್ಟಿಕೊಂಡು ಎತ್ತರಕ್ಕೆ ಓಡುತ್ತಾರೆ. ಅವಳು ನೀರನ್ನು ಕಂಡರೆ ಬಾಗಿಲು ಹಾಕುವವಳು, ನಾನು ಕೊಡ ತರುವವಳು. ಆಕೆಗೆ ಈಜು ಬರುತ್ತಿತ್ತು. ನಾನು ಕಾರವಾರದ ದಂಡೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಮುಳುಗುತ್ತಿದ್ದೇನೆ ಎಂದು ಕೂಗಿದವಳು.

ಆ ದಂಡೆಯಲ್ಲಿ ಒಬ್ಬರು ಮೇಡಂ ಹುಡುಗಿಯರಿಗೆ ಹಾಯಿದೋಣಿ ನಡೆಸಲು ಕಲಿಸುತ್ತಿದ್ದರು. ಐವತ್ತು ದಾಟಿದ, ಒಣಗಿದ ಕಟ್ಟಿಗೆಯಂಥ ಮೈಯ, ಕಡಿಮೆ ಮಾತಿನ ಹೆಂಗಸು. ಅವರ ಹೆಸರು ಇಲ್ಲಿ ಬೇಡ. ರೇಣುಕಾ ಮೋಜಿಗೆ ಸೇರಿದಳು, ನಾನು ರೇಣುಕಾಳ ಹಿಂದೆ ಸೇರಿದೆ. ಅಲ್ಲಿ ನನಗೇ ಗೊತ್ತಿರದ ಒಂದು ವಿಷಯ ಗೊತ್ತಾಯಿತು. ನನಗೆ ಗಾಳಿ ತಿಳಿಯುತ್ತಿತ್ತು. ಕಣದಲ್ಲಿ ಜೋಳ ತೂರುವಾಗ ಗಾಳಿ ಯಾವ ಕಿವಿಗೆ ತಾಗುತ್ತದೆ, ಯಾವಾಗ ಸತ್ತು ಯಾವಾಗ ಏಳುತ್ತದೆ ಎನ್ನುವುದನ್ನು ನೋಡುತ್ತ ಬೆಳೆದವಳಿಗೆ ಹಾಯಿ ತಿರುಗಿಸುವುದೇನೂ ಹೊಸದೆನಿಸಲಿಲ್ಲ. ಮೇಡಂ ಒಂದು ದಿನ ನನ್ನ ಬೆನ್ನು ತಟ್ಟಿದರು. ನನ್ನ ಬೆನ್ನನ್ನು ಯಾರೂ ತಟ್ಟಿರಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ.

ಎರಡು ವರ್ಷದ ನಂತರ ಮೇಡಂ ತಮ್ಮ ಹಳೆಯ ದೊಡ್ಡ ಹಾಯಿದೋಣಿಯಲ್ಲಿ ಗೋವೆಯಿಂದ ಮಾರಿಷಸ್ಸಿಗೆ ಹೋಗುವುದೆಂದು ತೀರ್ಮಾನಿಸಿದರು. ನಾಲ್ವರೇ, ನಾಲ್ವರೂ ಹೆಂಗಸರು. ಮೇಡಂ, ಕೇರಳದ ಸೀನಾ ಎಂಬ ಹುಡುಗಿ, ನಾನು, ರೇಣುಕಾ. ಇದು ಚೆನ್ನಾಗಿ ನಡೆದರೆ ಮರುವರ್ಷ ಇದಕ್ಕಿಂತ ಉದ್ದದ ಪ್ರಯಾಣಕ್ಕೆ ಇಬ್ಬರನ್ನು ಆರಿಸುವುದಾಗಿ ಹೇಳಿದ್ದರು. ರೇಣುಕಾ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಊಟ ಮಾಡುವಾಗಲೂ ತಟ್ಟೆಯ ಪಕ್ಕ ನಕ್ಷೆ ಇರುತ್ತಿತ್ತು. ಅಪ್ಪನಿಗೆ ಹೇಳಿ ನಿಶ್ಚಯವಾಗುತ್ತಿದ್ದ ಮದುವೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿಸಿದ್ದಳು.

ಅವ್ವನಿಗೆ ಹೇಗೆ ಹೇಳುವುದೆಂದು ನಾನು ವಾರಗಟ್ಟಲೆ ಒದ್ದಾಡಿದೆ. ಆಕೆ ಎಲ್ಲ ಕೇಳಿ, ಅಲ್ಲಿ ನೀರಿಗೇನೂ ಬರವಿಲ್ಲವಲ್ಲ ಎಂದು ಸಮಾಧಾನ ಪಟ್ಟಳು. ಮೀನು ಮಾತ್ರ ಮುಟ್ಟಬೇಡ ಎಂದಳು. ಆಮೇಲೆ ಹದಿನೈದು ದಿನ ಒಲೆಯ ಮುಂದೆ ಕೂತು ಎರಡು ನೂರು ಜೋಳದ ರೊಟ್ಟಿ ಬಡಿದು, ಒಣಗಿಸಿ, ಕಡಕ್ ಮಾಡಿ ಡಬ್ಬಿಗೆ ತುಂಬಿದಳು. ಶೇಂಗಾ ಚಟ್ನಿ ಬೇರೆ. ಮೇಡಂ ಆ ಡಬ್ಬಿ ನೋಡಿ ಹುಬ್ಬೇರಿಸಿದರು. ಹತ್ತನೆಯ ದಿನ ತಂದಿದ್ದ ಬ್ರೆಡ್ಡಿಗೆಲ್ಲ ಬೂಸ್ಟು ಹಿಡಿದಾಗ, ನಮ್ಮವ್ವನ ರೊಟ್ಟಿಯನ್ನು ಮೊದಲು ಕೇಳಿದವರು ಅವರೇ.

ಸಮುದ್ರ ಹೇಗಿತ್ತು ಎಂದು ಕೇಳಿದವರಿಗೆ ನಾನು ಇವತ್ತಿಗೂ ಸರಿಯಾಗಿ ಹೇಳಿಲ್ಲ. ಊರಲ್ಲಿ ಕೇಳಿದ ಪ್ರಶ್ನೆಗಳೆಲ್ಲ ವಾಂತಿಯಾಯಿತೋ ಇಲ್ಲವೋ, ತಿಮಿಂಗಿಲ ಬಂತೋ ಇಲ್ಲವೋ, ಪಾಯಖಾನೆಗೆ ಏನು ಮಾಡುತ್ತಿದ್ದಿರಿ, ಇಂಥವು. ವಾಂತಿ ನಾಲ್ಕು ದಿನ ಆಯಿತು. ತಿಮಿಂಗಿಲ ಬರಲಿಲ್ಲ. ದಂಡೆ ಕಣ್ಣಿಗೆ ಕಾಣದಾದ ದಿನ ನನಗೆ ಹೆದರಿಕೆಯಾಗಲಿಲ್ಲ, ಅದೇ ಆಶ್ಚರ್ಯ. ಕಡಲೆ ಕಿತ್ತ ಮೇಲೆ ನಮ್ಮ ಎರೆ ಹೊಲ ಹೀಗೇ ಇರುತ್ತದೆ. ಯಾವ ಕಡೆ ತಿರುಗಿದರೂ ಕಣ್ಣಿಗೆ ಅಡ್ಡ ಬರುವುದು ಏನೂ ಇರುವುದಿಲ್ಲ. ಆದರೆ ಅಲ್ಲಿ ದೂರದಲ್ಲಿ ಎಲ್ಲೋ ಯಾರೋ ಎತ್ತಿಗೆ ಕೂಗುವುದಾದರೂ ಕೇಳಿಸುತ್ತದೆ. ಇಲ್ಲಿ ಚುಕ್ಕಾಣಿ ಹಿಡಿದು ನನ್ನ ಪಾಳಿಯಲ್ಲಿ ಒಬ್ಬಳೇ ಕೂತಾಗ, ನಾನು ಇಲ್ಲಿದ್ದೇನೆ ಎನ್ನುವುದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಅನ್ನಿಸುತ್ತಿತ್ತು. ಮೊದಮೊದಲು ಅದರಲ್ಲಿ ಒಂದು ಸುಖವಿತ್ತು. ಇಪ್ಪತ್ತೆರಡು ವರ್ಷ ಯಾರದೋ ಮಗಳು, ಯಾವುದೋ ಓಣಿಯವಳು ಆಗಿದ್ದವಳು ಒಮ್ಮೆಲೇ ಯಾರೂ ಅಲ್ಲದವಳಾಗಿದ್ದೆ. ಖುಷಿಗೆ ಗಟ್ಟಿಯಾಗಿ ಹಾಡಿದೆ. ನನ್ನ ಧ್ವನಿ ಅಷ್ಟು ಕೆಟ್ಟದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಉಪ್ಪುನೀರನ್ನು ಸಿಹಿ ಮಾಡುವ ಒಂದು ಯಂತ್ರ ದೋಣಿಯಲ್ಲಿತ್ತು. ಹನ್ನೊಂದನೆಯ ದಿನ ಅದು ಕೆಟ್ಟು ನಿಂತಿತು. ಮೇಡಂ ಎರಡು ದಿನ ಬಿಚ್ಚಿ ಜೋಡಿಸಿ ಕೈಬಿಟ್ಟರು. ತೊಟ್ಟಿಯ ನೀರು ತಳಕ್ಕೆ ಬಂದಿತ್ತು. ಮತ್ತೆ ಇದ್ದದ್ದು ಆಪತ್ತಿಗೆಂದು ಡೆಕ್ಕಿನ ಮೇಲೆ ಕಟ್ಟಿಟ್ಟಿದ್ದ ನಾಲ್ಕು ನೀಲಿ ಕ್ಯಾನು. ಗೋವೆಯಲ್ಲಿ ಅವನ್ನು ತುಂಬಿ, ಮುಚ್ಚಳ ಹಾಕಿ, ನಿಲ್ಲಿಸಿ ಕಟ್ಟಿದ್ದವಳು ರೇಣುಕಾ. ನೀರಿನ ಜವಾಬ್ದಾರಿ ಅವಳದು, ಹಾಯಿಯ ಹಗ್ಗಗಳದ್ದು ನನ್ನದು. ಅವಸರಿಸದೆ ಕುಡಿದರೆ ಮಾರಿಷಸ್ ಮುಟ್ಟುವವರೆಗೆ ಸಾಕಾಗುತ್ತದೆ ಎಂದು ಮೇಡಂ ಲೆಕ್ಕ ಹಾಕಿದರು. ಅಷ್ಟರಲ್ಲಿ ಗಾಳಿ ಸತ್ತಿತು. ಭೂಮಧ್ಯರೇಖೆಯ ಹತ್ತಿರ ಹಾಗೆ ಆಗುತ್ತದಂತೆ. ಹಾಯಿಗಳು ಒಣಹಾಕಿದ ಸೀರೆಯ ಹಾಗೆ ಜೋತುಬಿದ್ದವು. ದೋಣಿ ನಿಂತಲ್ಲೇ ಹೊಯ್ದಾಡುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಒಂದು, ಎರಡು, ಐದು ದಿನ.

ಆರನೆಯ ದಿನ ಮಧ್ಯಾಹ್ನ ನನ್ನ ಪಾಳಿ. ಸೆಕೆಗೆ ಸೋತು ಉಳಿದ ಮೂವರೂ ಕೆಳಗೆ ಮಲಗಿದ್ದರು. ಮೂಡಣ ದಿಕ್ಕಿನಲ್ಲಿ ಒಂದು ಮೋಡ ಎದ್ದಿತು. ಸಾದಾ ಮೋಡವಲ್ಲ. ಗುಡ್ಡದ ಕಡೆಯಿಂದ ಬರುತ್ತಿತ್ತಲ್ಲ, ಅದೇ ಕರಿ ಮೈ, ಅದೇ ಬಿಳಿ ಅಂಚು, ಕೆಳಗೆ ಅದೇ ಬೂದು ಪರದೆ. ನನ್ನ ಕೆನ್ನೆಗೆ ತಣ್ಣನೆಯ ಗಾಳಿ ಬಡಿಯಿತು. ಹದಿನೇಳು ದಿನದ ಮೇಲೆ ಮಳೆಯ ವಾಸನೆ. ನಾನು ಅಳತೊಡಗಿದೆ ಅಂತ ನೆನಪು.

ಆಮೇಲೆ ನಾನು ಮಾಡಿದ್ದನ್ನು ಮಾಡಿದ್ದು ನನ್ನ ತಲೆ ಅಲ್ಲ, ಕೈ. ಮಳೆಗೆ ಹೊದಿಸುವ ದಪ್ಪ ತಾಡಪತ್ರಿಯನ್ನು ಹಾಯಿಯ ಕೆಳಗೆ ಇಳಿಜಾರಾಗಿ ಕಟ್ಟಿದೆ. ಇಲ್ಲಿಗೆ ಸರಿಯಿತ್ತು, ಮೇಡಂ ಇದ್ದರೂ ಅದನ್ನೇ ಮಾಡುತ್ತಿದ್ದರು. ನೀರು ಹಿಡಿಯಲು ಪಾತ್ರೆ ಬೇಕಲ್ಲ? ಎರಡು ಕ್ಯಾನು ಬಿಚ್ಚಿದೆ, ಮುಚ್ಚಳ ತೆಗೆದೆ, ಪ್ಲಾಸ್ಟಿಕ್ ವಾಸನೆಯ ಆ ಹಳೇ ನೀರನ್ನು ಸಮುದ್ರಕ್ಕೆ ಸುರಿದೆ. ಗಳಗಳನೆ ಸುರಿದೆ. ಒಂದಾದ ಮೇಲೆ ಇನ್ನೊಂದು. ಬರಿದಾದ ಬಾಯಿಗಳನ್ನು ಮೋಡಕ್ಕೆ ಎದುರಾಗಿ ಇಟ್ಟು, ಪಕ್ಕದಲ್ಲಿ ನಾನೂ ಮುಖವೆತ್ತಿ ನಿಂತೆ. ಇಪ್ಪತ್ತೆರಡು ವರ್ಷದ, ಡಿಗ್ರಿ ಓದಿದ, ನಕ್ಷೆ ನೋಡಿ ದೋಣಿ ನಡೆಸಲು ಬರುವ ಹೆಣ್ಣು, ಬರಿದು ಮಾಡಿ ತೋರಿಸುತ್ತ ನಿಂತಿದ್ದೆ.

ಮೋಡ ನಮ್ಮನ್ನು ನೋಡಲಿಲ್ಲ. ಮೈಲಿಯಾಚೆ ಸಮುದ್ರದ ಮೇಲೆ ಧೋ ಎಂದು ಸುರಿಯಿತು. ನೀರಿನ ಮೇಲೆ ನೀರು ಬೀಳುವ ಸಪ್ಪಳ ಸಹ ಕೇಳಿಸಿತು. ನನ್ನ ಮುಖದ ಮೇಲೆ ಏಳೋ ಎಂಟೋ ಹನಿ ಬಿದ್ದಿರಬಹುದು. ಕಾಲು ಗಂಟೆಯಲ್ಲಿ ಬಿಸಿಲು ಬಂತು. ಅವ್ವನ ಹಾಗೆ ಬಟ್ಟೆ ಝಾಡಿಸಿಕೊಂಡು, ಯಾರ ಮನೆಗೆ ತಂಬಿಗೆ ಒಯ್ಯಲಿ ಎಂದು ನಾಲ್ಕೂ ದಿಕ್ಕು ನೋಡಿದೆ. ನನ್ನ ಜೀವನದಲ್ಲಿ ಅಷ್ಟು ಒಬ್ಬಂಟಿಯಾದದ್ದು ಮೊದಲ ಸಲ.

ಆಗಲೇ ಕೆಳಗೆ ಹೋಗಿ ಮೇಡಮ್ಮನ್ನು ಎಬ್ಬಿಸಿ ಹೇಳಬೇಕಿತ್ತು. ಹೇಳಿದ್ದರೆ ಬೈಯುತ್ತಿದ್ದರು, ಬಹುಶಃ ಆಮೇಲೆ ಯಾವತ್ತಾದರೂ ನಗುತ್ತಲೂ ಇದ್ದರು. ನಾನು ಹೋಗಲಿಲ್ಲ. ತಾಡಪತ್ರಿ ಮಡಚಿಟ್ಟೆ. ಕ್ಯಾನುಗಳನ್ನು ಇದ್ದ ಜಾಗಕ್ಕೆ ತಂದೆ. ಮುಚ್ಚಳಗಳನ್ನು ಒಂದು ಸುತ್ತು ತಿರುಗಿಸಿ ಬಿಟ್ಟೆ, ಕ್ಯಾನುಗಳನ್ನು ಅಡ್ಡಕ್ಕೆ ಮಲಗಿಸಿದೆ, ಹಗ್ಗವನ್ನು ಸಡಿಲಾಗಿ ಸುತ್ತಿದೆ. ಅವಸರದಲ್ಲಿ ಹಾಗಾಯಿತು ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಸುಳ್ಳು. ನೋಡಿದವರು ಬಿದ್ದು ಸೋರಿದೆ ಅಂದುಕೊಳ್ಳಲಿ ಎಂದೇ ಹಾಗೆ ಇಟ್ಟೆ.

ಅಂದುಕೊಂಡರು. ಮರುದಿನ ಬೆಳಿಗ್ಗೆ ಮೇಡಂ ಕ್ಯಾನು ಎತ್ತಿ ನೋಡಿ, ಕೆಳಗಿಟ್ಟು, ನಮ್ಮನ್ನೆಲ್ಲ ಕರೆದು, ಯಾರು ಏನು ಮುಟ್ಟಿದಿರಿ ಎಂದು ಕೇಳಿದರು. ಸೀನಾ ಇಲ್ಲವೆಂದಳು. ನಾನು ತಲೆ ಅಲ್ಲಾಡಿಸಿದೆ. ರೇಣುಕಾ ಬಹಳ ಹೊತ್ತು ಕ್ಯಾನನ್ನೇ ನೋಡಿದಳು. ಮುಚ್ಚಳ ಹಾಕಿದ್ದು ತಾನೇ ಎಂದಳು. ಸರಿಯಾಗಿ ತಿರುಗಿಸಿದ್ದೆ ಅಂತ ನೆನಪು ಎಂದಳು. ಆಮೇಲೆ, ನೆನಪು ಅಷ್ಟೇ ಎಂದಳು. ಮೇಡಂ ಒಂದು ಮಾತೂ ಬೈಯಲಿಲ್ಲ. ನಕ್ಷೆ ಬಿಡಿಸಿ, ಪೆನ್ಸಿಲಿನಿಂದ ಮಾರಿಷಸ್ಸಿನ ಗೆರೆಯನ್ನು ಕಾಟು ಹಾಕಿ, ಮಾಲ್ಡೀವ್ಸಿನ ಕೊನೆಯ ದ್ವೀಪದ ಕಡೆ ಇನ್ನೊಂದು ಗೆರೆ ಎಳೆದರು. ಅವರ ಆರು ವರ್ಷದ ತಯಾರಿ ಆ ಕಾಟಿನಲ್ಲಿ ಹೋಯಿತು.

ಆಗೊಮ್ಮೆ ಈಗೊಮ್ಮೆ ಎದ್ದ ಗಾಳಿಯಲ್ಲಿ ದ್ವೀಪ ಮುಟ್ಟಲು ಒಂಬತ್ತು ದಿನ ಹಿಡಿಯಿತು. ಒಬ್ಬೊಬ್ಬರಿಗೆ ದಿನಕ್ಕೆ ಐದು ಸಣ್ಣ ಲೋಟ ನೀರು. ಎಂಜಲು ಒಣಗಿದ ಬಾಯಲ್ಲಿ ಕಡಕ್ ರೊಟ್ಟಿ ಅಗಿದರೆ ಒಳಗೆ ಇಳಿಯುವುದಿಲ್ಲ, ಹೊರಗೂ ಬರುವುದಿಲ್ಲ. ಅವ್ವನ ರೊಟ್ಟಿಯನ್ನು ನಾನು ಮೊದಲ ಸಲ ಶಪಿಸಿದೆ. ರೇಣುಕಾ ಐದರಲ್ಲಿ ಮೂರು ಕುಡಿದು ಎರಡನ್ನು ವಾಪಸ್ಸು ಕ್ಯಾನಿಗೆ ಹಾಕುತ್ತಿದ್ದಳು. ಮೇಡಂ ಬೇಡವೆಂದರೂ ಕೇಳಲಿಲ್ಲ. ಐದನೆಯ ದಿನ ನನಗೆ ಜ್ವರ ಬಂದಾಗ ಅವಳು ತನ್ನ ಲೋಟವನ್ನು ನನ್ನ ಬಾಯಿಗೆ ಹಿಡಿದಳು. ನಾನು ಅದನ್ನು ಕುಡಿದೆ. ಪೂರ್ತಿ ಕುಡಿದೆ. ಹೇಳಬೇಕೆಂದು ತೆರೆದ ಬಾಯಲ್ಲೇ ಕುಡಿದೆ.

ಸಣ್ಣ ದೋಣಿಯಲ್ಲಿ ನಾಲ್ವರ ನಡುವೆ ಒಂದು ಸುಳ್ಳು ಇಟ್ಟುಕೊಂಡು ಬದುಕುವುದು ಎಂಥದೆಂದು ಯಾರಿಗೂ ಹೇಳಿ ತಿಳಿಸಲಾಗುವುದಿಲ್ಲ. ಮಲಗಿದರೆ ಅವಳ ಮೊಣಕೈ ನನಗೆ ತಾಗುತ್ತಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಏಳುತ್ತಿದ್ದೆ, ಸಂಜೆಗೆ ಇನ್ನೊಂದು ದಿನ ತಡವಾಗಿರುತ್ತಿತ್ತು. ತಡವಾದಷ್ಟೂ ಹೇಳುವುದು ದೊಡ್ಡದಾಗುತ್ತಿತ್ತು. ದ್ವೀಪದ ದಕ್ಕೆಯ ಮೇಲೆ ಕಾಲಿಟ್ಟಾಗ ಅದು ನನಗಿಂತ ದೊಡ್ಡದಾಗಿತ್ತು.

ವಿಮಾನದಲ್ಲಿ ಊರಿಗೆ ಬಂದೆವು. ಮರುವರ್ಷದ ಉದ್ದ ಪ್ರಯಾಣಕ್ಕೆ ಮೇಡಂ ನನಗೂ ಸೀನಾಳಿಗೂ ಪತ್ರ ಬರೆದರು, ರೇಣುಕಾಳಿಗೆ ಬರೆಯಲಿಲ್ಲ. ಮನೆಯಲ್ಲಿ ಅವ್ವ ಒಪ್ಪುತ್ತಿಲ್ಲ ಎಂದು ನಾನು ಉತ್ತರ ಬರೆದೆ. ಅವ್ವನನ್ನು ನಾನು ಕೇಳಿಯೇ ಇರಲಿಲ್ಲ. ಹುಡುಗಿ ಸಮುದ್ರ ಕಂಡು ಹೆದರಿದಳು ಎಂದು ಸವಡಿಯಲ್ಲಿ ಮಾತಾಯಿತು, ಆಗಲಿ ಬಿಡು ಎಂದೆ. ಇನ್ನೊಬ್ಬರ ಮೇಲೆ ಬಿದ್ದ ತಪ್ಪಿಗಿಂತ ನನ್ನ ಮೇಲೆ ಬಿದ್ದ ಹೇಡಿ ಎಂಬ ಮಾತು ಹಗುರಾಗಿತ್ತು. ಪತ್ರ ಬಾರದ ತಿಂಗಳಲ್ಲೇ ರೇಣುಕಾ ಮದುವೆಗೆ ಒಪ್ಪಿದಳು. ಊರಲ್ಲೇ, ಸೋದರಮಾವನ ಮಗನ ಜೊತೆ. ನನಗೆ ಲಗ್ನಪತ್ರಿಕೆ ಬರಲಿಲ್ಲ. ಅವಳಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿದೆ. ಅಂದು ಮಧ್ಯಾಹ್ನ ಅವಳು ಎಚ್ಚರವಿದ್ದು ನೋಡಿರಬೇಕು, ನಾನು ಬಾಯಿ ಬಿಡುತ್ತೇನೇನೋ ಎಂದು ಕಾದು ಕಾದು ಕೈಬಿಟ್ಟಿರಬೇಕು, ಹೀಗೆಲ್ಲ. ಕೊಣ್ಣೂರು ಎಂದು ಬರೆದ ಬಸ್ಸು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಸಮುದ್ರದಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದವರು ಇಲ್ಲಿ ಪಕ್ಕದ ತಾಲೂಕಿನಲ್ಲಿದ್ದು ಎಂಟು ವರ್ಷ ಮಾತಾಡಲಿಲ್ಲ.

ನನಗೆ ಗಜೇಂದ್ರಗಡದಲ್ಲಿ ಕೆಲಸ ಸಿಕ್ಕಿತು. ಸೀಟಿ ಊದುತ್ತೇನೆ, ಖೋಖೋ ಕಲಿಸುತ್ತೇನೆ. ಸಾಲೆಯ ಮೈದಾನದಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಅವು ಯಾವ ಕಡೆ ಮುಖ ಮಾಡಿವೆ ಎಂದು ದಿನಾ ನೋಡುವ ಚಟ ಮಾತ್ರ ಬಿಟ್ಟಿಲ್ಲ. ಹುಡುಗಿಯರು ಟೀಚರಿಗೆ ಕುತ್ತಿಗೆ ನೋವಿದೆ ಅಂದುಕೊಂಡಿದ್ದಾರೆ. ಮದುವೆಗೆ ಎರಡು ಸಲ ನೋಡಲು ಬಂದರು, ಎರಡು ಸಲವೂ ನಾನೇ ಬೇಡವೆಂದೆ. ಒಬ್ಬರ ಪಕ್ಕ ಮಲಗಿ ಸುಳ್ಳನ್ನು ನುಂಗುವುದು ನನಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದ ಮೇಲೆ ಸಂಸಾರ ಹೂಡಲು ಧೈರ್ಯ ಬರಲಿಲ್ಲ.

ಹೋದ ಶ್ರಾವಣದಲ್ಲಿ ಹುಡುಗಿಯರನ್ನು ಕರೆದುಕೊಂಡು ಆಟದ ಸ್ಪರ್ಧೆಗೆ ನರಗುಂದಕ್ಕೆ ಹೋಗಿದ್ದೆ. ಮೊದಲ ಸುತ್ತಿನಲ್ಲೇ ಸೋತೆವು. ನನ್ನ ಶಿಷ್ಯೆಯರಲ್ಲವೇ. ಜೊತೆಗಿದ್ದ ಮಾಸ್ತರು ಅವರನ್ನು ಟೆಂಪೋದಲ್ಲಿ ಹತ್ತಿಸುತ್ತಿದ್ದಾಗ ನನ್ನ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ನರಗುಂದಕ್ಕೆ ಬಂದಿದ್ದೀಯೆಂದು ಗೊತ್ತಾಯಿತು, ಊಟಕ್ಕೆ ಬಾ ಎಂದಿತು ಆ ಕಡೆಯ ಧ್ವನಿ. ಎಂಟು ವರ್ಷವಾಗಿದ್ದರೂ ಅದು ರೇಣುಕಾಳದೆಂದು ಗುರುತು ಸಿಕ್ಕಿತು. ಇವತ್ತು ಕೇಳುತ್ತಾಳೆ ಎಂದುಕೊಂಡೆ. ಕೇಳಲಿ, ಕೇಳಿಬಿಡಲಿ ಎಂದುಕೊಂಡೇ ಬಸ್ಸು ಹತ್ತಿದೆ. ಮುಂದಿನದನ್ನು ಹೇಳುವ ಮೊದಲೇ ಹೇಳಿಬಿಡುತ್ತೇನೆ, ಆ ದಿನದ ಮೇಲೆ ಅವಳು ಫೋನು ಮಾಡಿಲ್ಲ. ಮಾಡುವ ಮುಖ ನನಗೂ ಇಲ್ಲ.

ರೇಣುಕಾ ದಪ್ಪವಾಗಿದ್ದಳು, ನಗು ಹಾಗೇ ಇತ್ತು. ಗಂಡ ಉಳ್ಳಾಗಡ್ಡಿ ಬೆಳೆಯುವ ರೈತ, ಮಾತುಗಾರ. ನಾಲ್ಕು ವರ್ಷದ ಮಗಳು ನನ್ನ ಸೀಟಿ ಕಸಿದುಕೊಂಡು ಮನೆ ತುಂಬ ಊದುತ್ತಿತ್ತು. ಬದನೆಕಾಯಿ ಎಣಗಾಯಿ, ಬಿಸಿ ರೊಟ್ಟಿ ಬಡಿಸಿದಳು. ಗಂಡ ಹೆಂಡತಿಯನ್ನು ಗೇಲಿ ಮಾಡಲು ಶುರು ಮಾಡಿದ. ಎಣ್ಣೆ ಡಬ್ಬಿಯ ಮುಚ್ಚಳ ಮೂರು ಸಲ ತಿರುಗಿಸುತ್ತಾಳೆ, ಗ್ಯಾಸು ನಾಲ್ಕು ಸಲ ನೋಡುತ್ತಾಳೆ, ಹೊಲದ ಅರ್ಧ ದಾರಿಯಿಂದ ತಿರುಗಿ ಬಂದು ನೀರಿನ ಬಾಟಲಿ ಮುಚ್ಚಿದೆಯೋ ಇಲ್ಲವೋ ನೋಡುತ್ತಾಳೆ, ನಮ್ಮವಳಿಗೆ ತನ್ನ ಕೈ ಮೇಲೇ ನಂಬಿಕೆ ಇಲ್ಲ ಎಂದು ನಕ್ಕ. ಅವಳೂ ನಕ್ಕಳು. ನಗುತ್ತಲೇ ಮಗಳ ನೀರಿನ ಬಾಟಲಿಗೆ ಮುಚ್ಚಳ ಹಾಕಿದಳು. ಅದನ್ನು ತಲೆಕೆಳಗು ಮಾಡಿ ತನ್ನ ಅಂಗೈ ಮೇಲೆ ಹಿಡಿದಳು. ಸ್ವಲ್ಪ ಹೊತ್ತು ಕಾದು, ಅಂಗೈ ನೋಡಿಕೊಂಡು, ಆಮೇಲೆ ಮಗುವಿಗೆ ಕೊಟ್ಟಳು.

ಎತ್ತಿದ ತುತ್ತನ್ನು ತಟ್ಟೆಗೆ ಇಟ್ಟೆ. ಅವಳಿಗೆ ಗೊತ್ತಿರಲಿಲ್ಲ. ಎಂಟು ವರ್ಷ ನಾನು ಅಂದುಕೊಂಡದ್ದೆಲ್ಲ ತಪ್ಪು. ಅವಳು ಏನನ್ನೂ ನೋಡಿರಲಿಲ್ಲ. ನಾನು ಮಲಗಿಸಿಟ್ಟ ಕ್ಯಾನುಗಳನ್ನು ನಂಬಿದ್ದಳು.

ಗಂಡ ಹೊಲಕ್ಕೆ ಹೋದ. ಮಗು ಪಡಸಾಲೆಯಲ್ಲಿ ಮಲಗಿತು. ರೇಣುಕಾ ತನ್ನ ತಟ್ಟೆ ತಂದು ನನ್ನ ಎದುರು ಕೂತಳು, ಉಣ್ಣಲಿಲ್ಲ.

"ಬರೇ ಊಟಕ್ಕಂತ ಕರೀಲಿಲ್ಲ ನಿನ್ನ," ಎಂದಳು. "ಆವತ್ತಿಂದು ಒಂದು ಮಾತೈತಿ. ನಾ ಮುಚ್ಚಳ ಸರಿ ಹಾಕಲಿಲ್ಲ, ನಿಮ್ಮೆಲ್ಲಾರದೂ ಕೆಟ್ಟಿತು. ಮರುವರ್ಷ ನೀ ಹೋಗಲಿಲ್ಲ, ಅದೂ ನನ್ನ ಸಲುವಾಗೇ ಬಿಟ್ಟಿ ಅಂತ ಗೊತ್ತೈತಿ ನನಗ. ಲಗ್ನಕ್ಕ ಕರಿಯಾಕೂ ಮಾರಿ ಇರಲಿಲ್ಲ. ಬೈಯೂದಿದ್ರ ಇವತ್ತ ಬೈದುಬಿಡವಾ, ಒಳಗ ಇಟ್ಕೋಬ್ಯಾಡ."

ಅವಳು ನನ್ನ ಕ್ಷಮೆ ಕೇಳಲು ಕರೆಸಿದ್ದಳು. ನಾನು ಮುಖ ತಪ್ಪಿಸಿಕೊಂಡು ತಿರುಗಿದ ಎಂಟು ವರ್ಷವೂ ಅವಳು ಮುಖ ತಪ್ಪಿಸಿಕೊಂಡು ತಿರುಗಿದ್ದಳು.

"ಕ್ಯಾನು ಸೋರಲಿಲ್ಲ ರೇಣು," ಎಂದೆ. "ನಾ ಸುರದೆ."

ಎಲ್ಲ ಹೇಳಿದೆ. ಮೋಡ, ತಾಡಪತ್ರಿ, ಅವ್ವನ ಬರಿದು ಕೊಡ, ಮಲಗಿಸಿಟ್ಟ ಕ್ಯಾನು, ಒಂದೇ ಸುತ್ತು ತಿರುಗಿಸಿದ ಮುಚ್ಚಳ, ಅವಳ ಕೈಯಿಂದ ಕುಡಿದ ಲೋಟ. ಒಂದನ್ನೂ ಮುಚ್ಚಿಡಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆಂದು ಕಾದೆ, ಅದಕ್ಕೆ ಉತ್ತರವನ್ನು ವರ್ಷಗಳಿಂದ ಕಟ್ಟಿಕೊಂಡಿದ್ದೆ. ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಚಲೋ ಆಗುತ್ತಿತ್ತು. ಅವಳು ಯಾಕೆ ಎಂದು ಕೇಳಲೇ ಇಲ್ಲ. ನನ್ನ ಕಡೆ ನೋಡಲೂ ಇಲ್ಲ. ಎರಡೂ ಅಂಗೈ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದಳು.

"ಮುಚ್ಚಳ ನೀನ ತಗದಿ?" ಎಂದಳು ಕಡೆಗೆ.

"ಹೂಂ."

"ಬಿಗಿ ಇದ್ದುವೇನು?"

"ಭಾಳ ಬಿಗಿ ಇದ್ದುವು. ಬರೇ ಕೈಲೆ ಬರಲಿಲ್ಲ. ಕ್ಯಾನು ಕಾಲಾಗ ಒತ್ತಿ ಹಿಡದು, ಅಂಗಿ ಚುಂಗು ಸುತ್ತಿ ತಗದೆ. ಅಂಗೈ ಕಿತ್ತಿತ್ತು."

"ಎರಡೂ?"

"ಎರಡೂ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಅಂಗೈಗಳನ್ನೇ ನೋಡುತ್ತ, "ಇನ್ನೊಮ್ಮೆ ಹೇಳು," ಎಂದಳು.

ನಾನು ಇನ್ನೊಮ್ಮೆ ಹೇಳಿದೆ.